ಸೀಲಿಂಗ್ ಲೈಟು ಅಂಟಿಕೊಂಡಿದೆಯಾ? ದಯವಿಟ್ಟು ಎಳೆಯಬೇಡಿ

ಮನೆಯಲ್ಲಿ ಫಾಲ್ಸ್ ಸೀಲಿಂಗ್ ಇರುವವರು, ಅದರಲ್ಲೂ ಈಚೆಗೆ ಪೇಂಟ್ ಮಾಡಿಸಿದವರು ಇದನ್ನು ಓದಿ. ಹೋದ ತಿಂಗಳು ನಮ್ಮ ಮನೆಯಲ್ಲಿ ಒಬ್ಬ ಹುಡುಗ ಏಣಿಯಿಂದ ಬೀಳುವುದರಲ್ಲಿದ್ದ. ಬಿದ್ದಿದ್ದರೆ ಏನಾಗುತ್ತಿತ್ತೋ, ನೆನೆಸಿಕೊಂಡರೆ ಈಗಲೂ ಭಯವಾಗುತ್ತದೆ.

ನಮ್ಮದು ಬೆಂಗಳೂರಿನ ಬಸವೇಶ್ವರನಗರದಲ್ಲಿ ಎರಡನೇ ಮಹಡಿ. ಹಾಲ್‌ನಲ್ಲಿ ಜಿಪ್ಸಮ್ ಸೀಲಿಂಗ್, ಅದರೊಳಗೆ ಕೂರಿಸಿದ 15 ವ್ಯಾಟ್‌ನ ಆರು ದುಂಡು ಎಲ್‌ಇಡಿ ಲೈಟು. ಸೋಫಾ ಮೇಲಿನದು ನಾಲ್ಕು ದಿನ ಮಿಣುಕಿತು, ಆಮೇಲೆ ಪೂರ್ತಿ ಹೋಯಿತು. ಹತ್ತಿರದ ಅಂಗಡಿಯವರು ಒಬ್ಬ ಹುಡುಗನನ್ನು ಕಳಿಸಿದರು. ಅವನು ಅಂಚು ಹಿಡಿದು ಎಳೆದ, ಅಲ್ಲಾಡಲಿಲ್ಲ. ದೀಪಾವಳಿಗೆ ಮುಂಚೆ ಪೇಂಟ್ ಮಾಡಿದವರು ಲೈಟು ಬಿಚ್ಚದೆ ಅಂಚಿನ ಮೇಲೇ ರೋಲರ್ ಓಡಿಸಿದ್ದರು. ಬಣ್ಣ ಒಣಗಿ ರಿಂಗೂ ಸೀಲಿಂಗೂ ಒಂದೇ ಆಗಿತ್ತು. ಕಣ್ಣಿಟ್ಟು ನೋಡಿದರೂ ನಡುವೆ ಗೆರೆ ಕಾಣುತ್ತಿರಲಿಲ್ಲ.

ಹುಡುಗ ಸ್ಕ್ರೂಡ್ರೈವರ್ ತೂರಿಸಿ ಮೀಟಿದ. ಜಿಪ್ಸಮ್ ಬೋರ್ಡ್ ಅಂದರೆ ಎರಡು ಕಾಗದದ ನಡುವೆ ಗಟ್ಟಿಯಾದ ಪುಡಿ, ಅಷ್ಟೇ. ಕಾಗದ ಹರಿದರೆ ಒಳಗಿನದು ಉದುರುತ್ತದೆ. ಊಟದ ತಟ್ಟೆಯಷ್ಟು ಅಗಲದ ಚೂರು ಬಣ್ಣದ ಜೊತೆ ಕಿತ್ತು ಸೋಫಾ ಮೇಲೆ ಬಿತ್ತು. ಐದು ನಿಮಿಷ ಮುಂಚೆ ಅಮ್ಮ ಅಲ್ಲೇ ಕೂತಿದ್ದರು. ಲೈಟನ್ನು ಸೀಲಿಂಗಿಗೆ ಹಿಡಿದಿಡುವ ಒಳಗಿನ ಸ್ಪ್ರಿಂಗ್ ಕ್ಲಿಪ್ ಪಟ್ಟನೆ ಮಡಚಿಕೊಂಡು ಹುಡುಗನ ಹೆಬ್ಬೆರಳಿಗೆ ಬಡಿಯಿತು. ಲೈಟು ವೈರಿನಲ್ಲಿ ನೇತಾಡುತ್ತಿತ್ತು. ಅದನ್ನು ಹಿಡಿಯೋಕೆ ಕೈ ಹಾಕಿದ, ಶಾಕ್ ಹೊಡೆಯಿತು. ವೈರಿನ ಜಾಯಿಂಟಿಗೆ ಸುತ್ತಿದ್ದ ಟೇಪು ಒಣಗಿ ಬಿಟ್ಟುಕೊಂಡಿತ್ತು. ನಾನು ಏಣಿ ಹಿಡಿದಿದ್ದರಿಂದ ಉಳಿದ.

ಮೇನ್ ಆಫ್ ಮಾಡಿದ್ದು ನಾನೇ. ಮತ್ತೆ ಕರೆಂಟ್ ಎಲ್ಲಿಂದ ಬಂತು? ಯುಪಿಎಸ್‌ನಿಂದ. ನಮ್ಮೂರಲ್ಲಿ ಕರೆಂಟ್ ಹೋಗೋದು ಮಾಮೂಲಲ್ವಾ, ಹಾಗಾಗಿ ರೂಮಿಗೊಂದು ಲೈಟು ಯುಪಿಎಸ್ ಲೈನಿಗೆ ಕೊಟ್ಟಿರುತ್ತಾರೆ. ಮೇನ್ ಆಫ್ ಮಾಡಿದ ಕೂಡಲೇ ಯುಪಿಎಸ್ ಬ್ಯಾಟರಿಯಿಂದ ಹೆಚ್ಚುಕಮ್ಮಿ ಅದೇ 230 ವೋಲ್ಟ್ ಕೊಡುತ್ತದೆ. ಲೈಟು ಕೆಟ್ಟಿದ್ದರಿಂದ ಕರೆಂಟ್ ಇರುವುದು ಕಾಣಲೂ ಇಲ್ಲ. ಯುಪಿಎಸ್ ಒಂದನ್ನೇ ಆಫ್ ಮಾಡಿದರೂ ಸಾಲದು, ಎಷ್ಟೋ ಯುಪಿಎಸ್‌ಗಳಲ್ಲಿ ಮೇನ್ ಕರೆಂಟ್ ಹಾಗೇ ದಾಟಿ ಹೋಗುತ್ತದೆ. ಎರಡನ್ನೂ ಆಫ್ ಮಾಡಿ. ಟೆಸ್ಟರ್ ಸರಿಯಿದೆಯಾ ಅಂತ ಮೊದಲೇ ಯಾವುದಾದರೂ ಪ್ಲಗ್‌ನಲ್ಲಿ ನೋಡಿಕೊಂಡು, ಆಫ್ ಮಾಡಿದ ಮೇಲೆ ವೈರಿಗೆ ಇಟ್ಟು ನೋಡಿ. ಗೋಡೆಯ ಸ್ವಿಚ್ ನಂಬಬೇಡಿ. ಅದನ್ನು ಕರೆಂಟ್ ಬರುವ ಫೇಸ್ ವೈರಿನ ಬದಲು ವಾಪಸ್ ಹೋಗುವ ನ್ಯೂಟ್ರಲ್ ವೈರಿಗೆ ಕೊಟ್ಟಿರುವ ಮನೆಗಳೂ ಇವೆ. ಅಲ್ಲಿ ಸ್ವಿಚ್ ಆಫ್ ಆದರೂ ವೈರಿನಲ್ಲಿ ಕರೆಂಟ್ ಇದ್ದೇ ಇರುತ್ತದೆ.

ಮಾರನೇ ದಿನ ಪರಿಚಯದ ಹಿರಿಯ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿದೆ. ಪಕ್ಕದ ಲೈಟೂ ಹಾಗೇ ಅಂಟಿತ್ತು, ಅದನ್ನು ಬಿಚ್ಚಿ ತೋರಿಸಿದರು. ಪೇಪರ್ ಕಟರ್‌ಗೆ ಹೊಸ ಬ್ಲೇಡ್ ಹಾಕಿ, ರಿಂಗಿನ ಅಂಚಿಗೆ ತಾಗಿಸಿ ಮೆಲ್ಲಗೆ ಒಂದು ಸುತ್ತು ಗೀರಿದರು. ಅದೇ ಗೆರೆಯಲ್ಲಿ ಇನ್ನೊಂದು ಸುತ್ತು. ಎಳೆಯುವ ಬದಲು ಅಂಗೈಯಿಂದ ರಿಂಗನ್ನು ಒಂಚೂರು ಮೇಲಕ್ಕೆ ಒತ್ತಿದರು. ಚಟ್ ಅಂತ ಸದ್ದು ಬಂತು, ಬಣ್ಣ ಬಿಟ್ಟಿತು. ಆಮೇಲೆ ಎರಡೂ ಕಡೆ ಸಮವಾಗಿ ಹಿಡಿದು ನೇರ ಕೆಳಕ್ಕೆ ಇಳಿಸಿದರು. ಒಂದೇ ಕಡೆ ಎಳೆದರೆ ಬೋರ್ಡು ಮುರಿಯುತ್ತದೆಯಂತೆ. ಸಂದಿ ಕಂಡ ಕೂಡಲೇ ಬೆರಳು ತೂರಿಸಿ ಎರಡೂ ಕ್ಲಿಪ್ ಹಿಡಿದುಕೊಂಡರು. ಒಂದು ಚೂರೂ ಪುಡಿ ಉದುರಲಿಲ್ಲ.

ಈ ಲೈಟಿನ ಡ್ರೈವರ್ (ಕರೆಂಟನ್ನು ಎಲ್‌ಇಡಿಗೆ ಬೇಕಾದಂತೆ ಬದಲಿಸಿ ಕೊಡುವ ಪುಟ್ಟ ಡಬ್ಬಿ) ಬಿಚ್ಚಿ ನಮ್ಮ ಕೆಟ್ಟ ಲೈಟಿಗೆ ಚುಚ್ಚಿದರು, ಲೈನ್ ಆನ್ ಮಾಡಿಸಿದರು. ಉರಿಯಿತು! ಹೋಗಿದ್ದು ಡ್ರೈವರ್ ಮಾತ್ರ, ಲೈಟಲ್ಲ. ಅದನ್ನು ಬೇರೆಯಾಗಿಯೇ ಕೊಳ್ಳಬಹುದು. ಆದರೆ ಹಳೆಯದರ ಮೇಲಿರುವ ಮಿಲಿಆಂಪ್, ವೋಲ್ಟ್ ಹೊಸದಕ್ಕೂ ಹೊಂದಬೇಕು. ಹಳೆಯದನ್ನು ಕೈಯಲ್ಲೇ ಹಿಡಿದುಕೊಂಡು, ಎಲೆಕ್ಟ್ರಿಕ್ ಸಾಮಾನಿನ ಅಂಗಡಿಗಳಿರುವ ಎಸ್‌ಪಿ ರೋಡಿಗೆ ಹೋಗಿ. ಪೂರ್ತಿ ಲೈಟೇ ಬೇಕಿದ್ದರೆ ತೂತಿನ ಅಳತೆ ತೆಗೆದುಕೊಂಡು ಹೋಗಿ, ಲೈಟಿನ ಹೊರಗಿನ ಅಗಲವಲ್ಲ. ಅಂಗಡಿಯಲ್ಲಿ ಆರು ಇಂಚು ಅಂದರೆ ಯಾವುದರ ಅಳತೆ ಅಂತ ಕೇಳಿ.

ಸೀಲಿಂಗ್ ರಿಪೇರಿಗೆ ನನಗೆ 7,500 ರೂಪಾಯಿ ಆಯಿತು. ಒಡೆದ ಜಾಗವನ್ನು ಚೌಕವಾಗಿ ಕತ್ತರಿಸಿ, ಹಿಂದೆ ಪಟ್ಟಿ ಕೊಟ್ಟು, ತೇಪೆ ಹಾಕಿ ಪುಟ್ಟಿ ಹಚ್ಚಿದರು. ಬಣ್ಣ ಬೇರೆಬೇರೆ ಕಾಣುತ್ತೆ ಅಂತ ಹಾಲ್ ಸೀಲಿಂಗ್ ಪೂರ್ತಿ ಮತ್ತೆ ಪೇಂಟ್. ಈ ಸಲ ಪೇಂಟರ್‌ಗಳು ಕೆಲಸ ಶುರು ಮಾಡುವ ಮುಂಚೆ ಆರೂ ಲೈಟು ಇಳಿಸಿಟ್ಟೆ. ಬಣ್ಣ ಚೆನ್ನಾಗಿ ಒಣಗಿದ ಮೇಲೆಯೇ ಹಾಕಿಸಿದೆ. ಯುಪಿಎಸ್ ಲೈನಿನ ಸ್ವಿಚ್‌ಗಳ ಮೇಲೆ ಕೆಂಪು ಮಾರ್ಕರ್‌ನಲ್ಲಿ ಚುಕ್ಕೆ ಇಟ್ಟಿದ್ದೇನೆ, ಮೇನ್ ಬೋರ್ಡಿನ ಬಾಗಿಲ ಒಳಗೆ ಒಂದು ಚೀಟಿಯನ್ನೂ ಅಂಟಿಸಿದ್ದೇನೆ: "ಯುಪಿಎಸ್ ಕೂಡ ಆಫ್ ಮಾಡಿ."