ತೊಡೆಸಂದಿನ ನವೆಗೆ ಸಾದಾ ಮುಲಾಮು: ಕ್ಲೋಟ್ರಿಮಜೋಲ್ ಬಳಸಿದ ಅನುಭವ

ಈ ವಿಮರ್ಶೆ ಶಿಲೀಂಧ್ರದ ಸೋಂಕಿಗೆ ಹಚ್ಚುವ ಶೇಕಡಾ 1ರ ಕ್ಲೋಟ್ರಿಮಜೋಲ್ ಮುಲಾಮಿನ ಕುರಿತದ್ದು. ಹಲವು ಕಂಪನಿಗಳು ಇದನ್ನು ಬೇರೆ ಬೇರೆ ಹೆಸರಿನಲ್ಲಿ ಮಾರುತ್ತವೆ. ಒಳಗಿರುವ ಔಷಧ ಒಂದೇ ಆದ್ದರಿಂದ ಹೆಸರಿಗೆ ಮಹತ್ವವಿಲ್ಲ. ಮಂಗಳೂರಿನ ಮಳೆಗಾಲದಲ್ಲಿ ದಿನವೂ ಬೈಕಿನಲ್ಲಿ ಕಚೇರಿಗೆ ಹೋಗಿಬರುವ ನಾನು ರೈನ್‌ಕೋಟಿನೊಳಗೆ ಬೆವೆತು, ಅರೆ ಒದ್ದೆಯಾದ ಪ್ಯಾಂಟಿನಲ್ಲೇ ಇಡೀ ದಿನ ಕುಳಿತು, ಜುಲೈ ಮುಗಿಯುವಷ್ಟರಲ್ಲಿ ಎರಡೂ ತೊಡೆಸಂದುಗಳಲ್ಲಿ ನವೆ ಅಂಟಿಸಿಕೊಂಡಿದ್ದೆ. ಅಂಚು ಕೆಂಪಾಗಿ ಉಬ್ಬಿ, ನಡುವೆ ಬಣ್ಣ ತುಸು ಮಾಸಿದ ಬಿಲ್ಲೆಗಳು. ನಮ್ಮ ಹಿರಿಯರು ಗಜಕರ್ಣ ಎನ್ನುತ್ತಿದ್ದ ಶಿಲೀಂಧ್ರದ ಕಾಯಿಲೆಯೇ ಅದು.

ಆದರೆ ನಾನು ಮೊದಲು ಕೊಂಡದ್ದು ಈ ಮುಲಾಮನ್ನಲ್ಲ. ಮೆಡಿಕಲ್ ಶಾಪಿನಲ್ಲಿ ಬೇರೆ ಗಿರಾಕಿಗಳು ಹೋಗುವವರೆಗೆ ಕಾದು, ದನಿ ತಗ್ಗಿಸಿ ಕೇಳಿದಾಗ, ಕೌಂಟರಿನಲ್ಲಿದ್ದವರು ಎಲ್ಲಿ ತುರಿಸುತ್ತದೆ, ಎಷ್ಟು ದಿನದಿಂದ ಎಂದು ವಿಚಾರಿಸದೆ ಒಂದು ಟ್ಯೂಬನ್ನು ಮುಂದಿಟ್ಟು, "ಇದನ್ನು ಹಚ್ಚಿ ಸರ್, ಎರಡೇ ದಿನ" ಎಂದರು. ಅವರ ಮಾತು ಸುಳ್ಳಾಗಲಿಲ್ಲ, ಎರಡೇ ದಿನದಲ್ಲಿ ನವೆ ನಿಂತಿತು. ಹಚ್ಚುವುದನ್ನು ಬಿಟ್ಟ ವಾರದಲ್ಲಿ ಮೊದಲಿಗಿಂತ ಅಗಲವಾಗಿ ಮರಳಿತು. ಮೂರನೆಯ ಟ್ಯೂಬಿನ ಹೊತ್ತಿಗೆ ಅನುಮಾನ ಬಂದು, ಅದರ ಹಿಂಬದಿಯ ಇರುವೆ ಸಾಲಿನಂಥ ಅಕ್ಷರಗಳನ್ನು ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿದೆ. ಶಿಲೀಂಧ್ರದ ಔಷಧ ಒಂದು, ಬ್ಯಾಕ್ಟೀರಿಯಾದ ಔಷಧ ಇನ್ನೊಂದು, ಇವುಗಳ ಜೊತೆಗೆ ಕ್ಲೊಬೆಟಸಾಲ್ ಎಂಬ ಬಹಳ ಪ್ರಬಲವಾದ ಸ್ಟೀರಾಯ್ಡ್. ಸ್ಟೀರಾಯ್ಡ್ ಉರಿಯನ್ನೂ ಕೆಂಪನ್ನೂ ಅಡಗಿಸುತ್ತದೆ. ಅದರೊಂದಿಗೆ ಚರ್ಮದ ಪ್ರತಿರೋಧವೂ ಅಡಗುವುದರಿಂದ ಶಿಲೀಂಧ್ರ ಸದ್ದಿಲ್ಲದೆ ಹರಡುತ್ತದೆ. ವೃಷಣ ಚೀಲದ ಚರ್ಮವಂತೂ ಇಂಥ ಔಷಧವನ್ನು ಮುಂಗೈಗಿಂತ ಹಲವು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ಇಂಥ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಬಿಗಿಗೊಳಿಸಿದೆ. ನನಗೆ ಮೂರು ಸಲವೂ ಯಾರೂ ಚೀಟಿ ಕೇಳಲಿಲ್ಲ. ಕೊಡಬೇಕೆಂಬ ಅರಿವು ನನಗೂ ಇರಲಿಲ್ಲ.

ಕೊನೆಗೆ ಚರ್ಮರೋಗ ವೈದ್ಯರ ಬಳಿಗೆ ಹೋದೆ. ಅವರು ಬಿಲ್ಲೆಯ ಅಂಚನ್ನು ಬ್ಲೇಡಿನ ಬೆನ್ನಿನಿಂದ ಮೆಲ್ಲಗೆ ಕೆರೆದು, ಹೊಟ್ಟಿನಂತೆ ಉದುರಿದ ಚರ್ಮವನ್ನು ಗಾಜಿನ ಪಟ್ಟಿಯ ಮೇಲೆ ಹಿಡಿದು, ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಒಂದು ಹನಿ ಬಿಟ್ಟು, ಸ್ವಲ್ಪ ಹೊತ್ತಿನ ನಂತರ ಸೂಕ್ಷ್ಮದರ್ಶಕದಲ್ಲಿ ನೋಡಿದರು. ನನ್ನನ್ನೂ ಕರೆದು ತೋರಿಸಿದರು. ಮಸುಕು ಕೋಶಗಳ ನಡುವೆ ಶಿಲೀಂಧ್ರದ ಕವಲೊಡೆದ ತೆಳುವಾದ ಎಳೆಗಳಿದ್ದವು. ಯಾವ ಟ್ಯೂಬೂ ಕೊಡಲಾಗದ ಸಮಾಧಾನ ಅಲ್ಲಿ ಸಿಕ್ಕಿತೆಂದರೆ ಉತ್ಪ್ರೇಕ್ಷೆಯಲ್ಲ.

ಬರೆದುಕೊಟ್ಟದ್ದು ಈ ಸಾದಾ ಕ್ಲೋಟ್ರಿಮಜೋಲ್, ಜೊತೆಗೆ ನುಂಗುವ ಮಾತ್ರೆ. ಹಾಗಾಗಿ ಗುಣವಾದ ಕೀರ್ತಿಯನ್ನೆಲ್ಲ ಮುಲಾಮಿಗೇ ಕೊಡಲಾರೆ. ದಿನಕ್ಕೆರಡು ಸಲ, ಚರ್ಮ ಪೂರ್ತಿ ಒಣಗಿದ ಮೇಲೆ, ಬಿಲ್ಲೆಯ ಅಂಚಿನಿಂದ ಒಂದು ಬೆರಳಗಲ ಆಚೆಯವರೆಗೂ ತೆಳ್ಳಗೆ ಹಚ್ಚಬೇಕು. ಬಿಲ್ಲೆ ಮಾಯವಾದರೂ ಇನ್ನೆರಡು ವಾರ ನಿಲ್ಲಿಸಬಾರದು. ಬಿಳಿಯ ಮುಲಾಮು ಜಿಡ್ಡಿಲ್ಲದೆ ಬೇಗ ಒಳಗಿಳಿಯುತ್ತದೆ, ವಾಸನೆಯಿಲ್ಲ, ಬಟ್ಟೆಗೆ ಕಲೆ ಹತ್ತುವುದಿಲ್ಲ. ಆದರೆ ಮೊದಲ ವಾರ ಸಹನೆ ಬೇಕು. ಸ್ಟೀರಾಯ್ಡ್ ನಿಲ್ಲಿಸಿದ್ದರಿಂದ ನವೆ ಇಮ್ಮಡಿಯಾಗಿ, ಹಳೆಯ ಟ್ಯೂಬಿನ ಕಡೆಗೆ ಕೈ ಎರಡು ಸಲ ಹೋಗಿತ್ತು. ಎರಡನೆಯ ವಾರದಲ್ಲಿ ಅಂಚು ತಗ್ಗಿತು, ಐದನೆಯ ವಾರದಲ್ಲಿ ಕಂದು ಕಲೆ ಮಾತ್ರ ಉಳಿಯಿತು.

ಇದನ್ನು ಓದಿ ಜನನಾಂಗದ ಎಲ್ಲ ತುರಿಕೆಗೂ ಇದೇ ಮದ್ದೆಂದು ಭಾವಿಸಬಾರದು. ತೊಡೆಸಂದಿನ ಗಜಕರ್ಣ ಸಾಮಾನ್ಯವಾಗಿ ವೃಷಣ ಚೀಲವನ್ನು ಬಿಟ್ಟು ಹರಡುತ್ತದೆ. ಚೀಲವೊಂದೇ ತುರಿಸಿ ಚರ್ಮ ದಪ್ಪಗಾಗುತ್ತಿದ್ದರೆ ಕಾರಣ ಬಹುಮಟ್ಟಿಗೆ ಬೇರೆಯದು, ಎಷ್ಟೋ ಸಲ ತುರಿಸುವ ಅಭ್ಯಾಸವೇ. ಶಿಶ್ನದ ತುದಿ ಕೆಂಪಾಗಿ, ಮುಂದೊಗಲಿನ ಕೆಳಗೆ ಬಿಳಿಯ ಪದರ ಕಟ್ಟಿದರೆ ಅದು ಕ್ಯಾಂಡಿಡಾ ಎಂಬ ಇನ್ನೊಂದು ಶಿಲೀಂಧ್ರದ ಸೋಂಕು ಇರಬಹುದು. ಅದಕ್ಕೆ ಈ ಮುಲಾಮು ಕೆಲಸ ಮಾಡುತ್ತದೆ, ಆದರೆ ಪದೇ ಪದೇ ಬಂದರೆ ರಕ್ತದ ಸಕ್ಕರೆ ಪರೀಕ್ಷಿಸಲೇಬೇಕು. ಸಕ್ಕರೆ ಕಾಯಿಲೆಗೆ ಡಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ಸೇವಿಸುವವರಲ್ಲಿ ಸಕ್ಕರೆ ಮೂತ್ರದಲ್ಲಿ ಹೊರಹೋಗುವುದರಿಂದ ಈ ತೊಂದರೆ ಹೆಚ್ಚು. ಅಂಥವರು ಮಾತ್ರೆಯನ್ನು ತಾವಾಗಿ ಬಿಡದೆ ವೈದ್ಯರಿಗೆ ಹೇಳಬೇಕು. ರಾತ್ರಿ ಹೊತ್ತು ನವೆ ಹೆಚ್ಚಿ, ಬೆರಳ ಸಂದುಗಳಲ್ಲೂ ಗುಳ್ಳೆಯೆದ್ದು, ಮನೆಯ ಇತರರೂ ತುರಿಸಿಕೊಳ್ಳುತ್ತಿದ್ದರೆ ಅದು ತುರಿಕಜ್ಜಿ. ಅದಕ್ಕೆ ಕಜ್ಜಿಯ ಹುಳವನ್ನು ಕೊಲ್ಲುವ ಪರ್ಮೆಥ್ರಿನ್ ಮುಲಾಮು ಬೇಕು, ಮನೆಮಂದಿಗೆಲ್ಲ ಒಂದೇ ದಿನ ಚಿಕಿತ್ಸೆಯಾಗಬೇಕು. ನೋವಿನ ಮಾತ್ರೆ ಅಥವಾ ಆಂಟಿಬಯಾಟಿಕ್ ನುಂಗಿದಾಗಲೆಲ್ಲ ಅದೇ ಜಾಗದಲ್ಲಿ ದುಂಡನೆಯ ಕಪ್ಪು ಕಲೆ ಉರಿಯುತ್ತಾ ಏಳುವುದೂ ಉಂಟು. ಅಲ್ಲಿ ಬಿಡಬೇಕಾದದ್ದು ಆ ಮಾತ್ರೆಯನ್ನು.

ಇನ್ನು ಸೋಂಕೇ ಇಲ್ಲದ ಉರಿ. ಸ್ವಚ್ಛತೆಯ ಹುರುಪಿನಲ್ಲಿ ನಾನು ಸ್ನಾನದ ನೀರಿಗೆ ಆಂಟಿಸೆಪ್ಟಿಕ್ ದ್ರವ ಸುರಿದುಕೊಳ್ಳುತ್ತಿದ್ದೆ, ಅದಕ್ಕೆ ವೈದ್ಯರಿಂದ ಬೈಸಿಕೊಂಡೆ. ಪರಿಮಳದ ಸಾಬೂನು, ಸರಿಯಾಗಿ ಜಾಲಿಸದ ಡಿಟರ್ಜೆಂಟು, ಹೊಸದಾಗಿ ಬೋಳಿಸಿದ ಕೂದಲು, ಕೆಲವರಿಗೆ ಕಾಂಡೋಮಿನ ಲ್ಯಾಟೆಕ್ಸ್ ಕೂಡ ಆ ಚರ್ಮವನ್ನು ಕೆಣಕುತ್ತವೆ. ಮುಂದೊಗಲನ್ನು ಹಿಂದೆ ಸರಿಸಿ ಬರಿಯ ಉಗುರು ಬೆಚ್ಚಗಿನ ನೀರಿನಲ್ಲಿ ತೊಳೆದು, ಒರೆಸಿ, ಮತ್ತೆ ಮುಂದಕ್ಕೆ ತಂದರೆ ಸಾಕು. ಒರೆಸುವ ಟವೆಲ್ಲು ಬೇರೆಯವರೊಂದಿಗೆ ಹಂಚಿಕೆಯಾಗಬಾರದು. ಕರಾವಳಿಯಲ್ಲಿ ಜೂನಿನಿಂದ ಬಟ್ಟೆ ಒಣಗಿಸುವುದೇ ದೊಡ್ಡ ಕೆಲಸ. ನಾನು ಈಗ ಹತ್ತಿಯ ಚಡ್ಡಿಗಳನ್ನು ಒಳಮೈ ಹೊರಗೆ ಮಾಡಿ ಇಸ್ತ್ರಿ ಹಾಕುತ್ತೇನೆ, ಕಚೇರಿಯ ಡ್ರಾಯರಿನಲ್ಲಿ ಒಂದು ಒಣ ಜೊತೆ ಇಟ್ಟಿರುತ್ತೇನೆ, ರಾತ್ರಿ ಲುಂಗಿ ಉಡುತ್ತೇನೆ.

ಮುಲಾಮಿನ ಮೇಲೆ ನನ್ನ ದೂರು ಎರಡು. ನಾನು ಕೊಂಡ ಪೊಟ್ಟಣದಲ್ಲಿ ಬಳಸುವ ಕ್ರಮ ಇಂಗ್ಲಿಷಿನಲ್ಲಿ ಮಾತ್ರವಿತ್ತು, ಮುಲಾಮು ಲ್ಯಾಟೆಕ್ಸ್ ಕಾಂಡೋಮನ್ನು ದುರ್ಬಲಗೊಳಿಸಬಲ್ಲದೆಂಬ ಎಚ್ಚರಿಕೆ ಅದರ ತೀರಾ ಮೂಲೆಯಲ್ಲಿತ್ತು. ಎರಡನೆಯದಾಗಿ, 15 ಗ್ರಾಂ ಟ್ಯೂಬು ಎರಡೂ ತೊಡೆಸಂದಿಗೆ ಹಚ್ಚಿದರೆ ಹತ್ತು ದಿನವೂ ಬಾಳುವುದಿಲ್ಲ. 30 ಗ್ರಾಂನದು ಸಿಕ್ಕರೆ ಅದನ್ನೇ ಕೊಳ್ಳಿ. ಹುಣ್ಣು, ನೀರುಗುಳ್ಳೆ, ಕೀವು ಇದ್ದವರು, ಮುಂದೊಗಲು ಹಿಂದೆ ಸರಿದು ಊದಿಕೊಂಡು ಮರಳದೆ ನಿಂತವರು ಯಾವ ಅಳತೆಯ ಟ್ಯೂಬನ್ನೂ ಕೊಳ್ಳದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.