ಬಾಡಿಗೆ ಮನೆಗೆ ಟೋಕನ್ ಕೊಡುವ ಮುಂಚೆ ಓದಿ

ಮೈಸೂರಲ್ಲಿ ಬಾಡಿಗೆ ಮನೆ ಹುಡುಕ್ತಿರೋ ನಮ್ಮವರೆಲ್ಲ ದಯವಿಟ್ಟು ಓದಿ. ಬರೀ ಬಾಯಿಮಾತು ನಂಬಿ ಟೋಕನ್ ಕೊಡಬೇಡಿ. ನಾವು ಕೊಟ್ಟು ಕೆಟ್ಟೆವು.

ಮಗಳ ಸ್ಕೂಲಿಗೆ ಹತ್ತಿರ ಆಗಲಿ ಅಂತ ಕುವೆಂಪುನಗರದಲ್ಲಿ ಮನೆ ನೋಡ್ತಿದ್ದೆವು. ಬ್ರೋಕರ್ ಒಬ್ಬರು ಮೊದಲನೇ ಮಹಡಿ ಮನೆ ಹೇಳಿದರು. ಬಾಡಿಗೆ 14,000, ಅಡ್ವಾನ್ಸ್ ಒಂದು ಲಕ್ಷ. "ಇನ್ನಿಬ್ಬರು ಕೇಳ್ತಿದ್ದಾರೆ ಮೇಡಂ, ಟೋಕನ್ ಹಾಕಿಬಿಡಿ" ಅಂದಿದ್ದಕ್ಕೆ ಅವತ್ತೇ 5,000 ಫೋನ್‌ಪೇ ಮಾಡಿದೆ.

ಓನರ್ ಅಮ್ಮ ಬೀಗದ ಕೈ ನನ್ನ ಅಂಗೈಗೇ ಇಟ್ಟು, ಜೊತೆಗೇ ಮೇಲೆ ಬಂದರು. ಮಂಚ ಯಾವ ಗೋಡೆಗೆ ಹಾಕಿದರೆ ಗಾಳಿ ಬರುತ್ತೆ ಅಂತಾನೂ ತೋರಿಸಿದರು. ಕೆಳಗಿಳಿದ ಮೇಲೆ "ಈಗೆಲ್ಲಿದ್ದೀರಿ?" ಅಂದರು. "ಅಶೋಕಪುರಂ." "ಮೊದಲಿಂದಲೂ ಅಲ್ಲೇನಾ?" "ಹೂಂ ಅಮ್ಮ, ಹುಟ್ಟಿ ಬೆಳೆದಿದ್ದೆಲ್ಲ ಅಲ್ಲೇ." ದಲಿತರು ಹೆಚ್ಚಿರೋ ಬಡಾವಣೆ ಅದು. ಮೈಸೂರಿನವರಿಗೆ ಅಷ್ಟು ಸಾಕು, ಜಾತಿ ಬಾಯಿಬಿಟ್ಟು ಕೇಳಬೇಕಿಲ್ಲ. ಬೀಗದ ಕೈ ಕೊಡೋಕೆ ಕೈ ಚಾಚಿದೆ. "ಅಲ್ಲಿ ಕಟ್ಟೆ ಮೇಲೆ ಇಟ್ಟುಬಿಡಿ" ಅಂದರು. ಇಟ್ಟೆ. ಮಗಳು ನೋಡ್ತಾ ನಿಂತಿದ್ದಳು.

ಸಂಜೆ ಬ್ರೋಕರ್ ಫೋನ್: ಓನರ್ ಮಗ ಬರ್ತಾನಂತೆ, ಮನೆ ಕೊಡಲ್ಲ. ಟೋಕನ್‌ನಲ್ಲಿ ಓಡಾಟದ ಖರ್ಚು ಅಂತ 2,000 ಹಿಡ್ಕೊಂಡರು. ಹತ್ತು ದಿನ ಬಿಟ್ಟು ಆ ಕಡೆ ಹೋದರೆ ಟು ಲೆಟ್ ಬೋರ್ಡ್ ಹಾಗೇ ನೇತಾಡ್ತಿತ್ತು.

ಪರಿಚಯದ ವಕೀಲರ ಹತ್ತಿರ ಹೋದೆವು. ನಮ್ಮ ರಾಜ್ಯದ 1999ರ ಬಾಡಿಗೆ ಕಾಯ್ದೆ ನೋಡ್ಕೊಳ್ಳೋದು ಬಾಡಿಗೆ ಎಷ್ಟು, ಬಿಡಿಸೋದು ಹೇಗೆ ಅನ್ನೋದನ್ನ. ನಮಗೆ ಆಗಿಬರೋದು 1955ರ ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆ. ಅಸ್ಪೃಶ್ಯತೆಯ ಕಾರಣಕ್ಕೆ ಯಾವುದೇ ಬಡಾವಣೆಯಲ್ಲಿ ಮನೆ ಪಡೆಯೋಕೆ, ಅದರಲ್ಲಿ ವಾಸ ಮಾಡೋಕೆ ಅಡ್ಡಿ ಮಾಡಿದರೆ ಸೆಕ್ಷನ್ 4ರ ಪ್ರಕಾರ ಒಂದರಿಂದ ಆರು ತಿಂಗಳು ಜೈಲು, ಜೊತೆಗೆ ದಂಡ. ಸೆಕ್ಷನ್ 12 ಇನ್ನೂ ಮುಖ್ಯ: ತೊಂದರೆಗೆ ಒಳಗಾದವರು ಪರಿಶಿಷ್ಟ ಜಾತಿಯವರಾದರೆ, ಅಸ್ಪೃಶ್ಯತೆಯೇ ಕಾರಣ ಅಂತ ಕೋರ್ಟು ಭಾವಿಸಬೇಕು. ಅಲ್ಲ ಅಂತ ರುಜುವಾತು ಮಾಡಬೇಕಾದವರು ಅವರು, ನಾವಲ್ಲ. ಆದರೆ ಮನೆ ಕೊಡಲ್ಲ ಅಂದಿದ್ದನ್ನ ನಾವು ತೋರಿಸಬೇಕು. "ಏನಿದೆ ನಿಮ್ಮ ಹತ್ತಿರ?" ಅಂದರು ವಕೀಲರು. ಒಂದು ಫೋನ್ ಕರೆ, ಅದೂ ಬ್ರೋಕರ್‌ದು. ನನಗೆ ಅಳು ಬಂದಿದ್ದು ಆಗಲೇ.

ಅದಕ್ಕೇ ಹೇಳ್ತಿದ್ದೀನಿ, ಮಾತುಕತೆ ಎಲ್ಲ ವಾಟ್ಸಾಪಲ್ಲೇ ಇರಲಿ. ಟೋಕನ್ ಓನರ್ ಖಾತೆಗೇ ಹಾಕಿ, ಏತಕ್ಕೆ ಅಂತ ಬರೆದು. ಇಲ್ಲ ಅಂದರೆ "ಯಾಕೆ?" ಅಂತ ಮೆಸೇಜಲ್ಲೇ ಕೇಳಿ. ಬೋರ್ಡ್ ಮತ್ತೆ ಕಂಡರೆ ಫೋಟೋ ತೆಗೀರಿ. ಪೊಲೀಸ್ ಠಾಣೆಗೋ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯಕ್ಕೋ ದೂರು ಕೊಟ್ಟರೆ ಸ್ವೀಕೃತಿ ಕೇಳಿ ಪಡೀರಿ.

ನಾನೀಗ ಮನೆ ನೋಡೋ ಮುಂಚೆಯೇ ಬರೀತೀನಿ: "ನಾವು ಅಶೋಕಪುರಂನವರು, ಮೂರು ಜನ. ಮನೆ ನೋಡೋಕೆ ಯಾವಾಗ ಬರಲಿ?" ನಾಲ್ಕು ಕಡೆ ಹಾಕಿದ್ದೆ. ಒಬ್ಬರು ಬನ್ನಿ ಅಂದಿದ್ದಾರೆ. ಭಾನುವಾರ ಹೋಗ್ತಿದ್ದೀವಿ.