ಸಾಕ್ಷಿ ಹೇಳಲು ತಯಾರಿ: ನ್ಯೂಜೆರ್ಸಿಯ ಒಂದು ಲಾಯರ್ ಆಫೀಸು, 5ಕ್ಕೆ 4 ಸ್ಟಾರ್

ಕಾರು ಅಪಘಾತದ ಕೇಸಿನಲ್ಲಿ ನಾನೇ ಸಾಕ್ಷಿ ಹೇಳಬೇಕಿತ್ತು. ಇಲ್ಲಿ ಸಿವಿಲ್ ಕೇಸಿಗೂ ಜ್ಯೂರಿ, ಅಂದರೆ ಕೇಸು ಕೇಳಿ ತೀರ್ಮಾನ ಹೇಳುವ ಸಾಮಾನ್ಯ ಜನರ ತಂಡ ಇರುತ್ತದೆ, ಸಾಮಾನ್ಯವಾಗಿ 6 ಜನ. ನಮ್ಮೂರ ಕೋರ್ಟಿನ ಹಾಗೆ ಜಡ್ಜ್ ಒಬ್ಬರಿಗೆ ಹೇಳಿದರೆ ಮುಗಿಯಲಿಲ್ಲ.

ಏನು ಹೇಳಬೇಕು ಅಂತ ಲಾಯರಮ್ಮ ಒಂದು ಮಾತೂ ಹೇಳಿಕೊಡಲಿಲ್ಲ, ಅದು ಸರಿಯೇ. ಹೇಗೆ ಹೇಳಬೇಕು ಅನ್ನೋದನ್ನು ಮಾತ್ರ ತಿದ್ದಿದರು. ಕೇಳಿದ್ದಕ್ಕಷ್ಟೇ ಉತ್ತರ. ಸುಮ್ನೆ ಅಂದಾಜು ಬೇಡ. ಉತ್ತರಕ್ಕೆ ಮೊದಲು ಒಂದು ಉಸಿರು, ಅಷ್ಟರಲ್ಲಿ ಅವರಿಗೆ ಅಬ್ಜೆಕ್ಷನ್ ಹೇಳಲು ಸಮಯ ಸಿಗುತ್ತದೆ. ನಾನು ಮಾತುಮಾತಿಗೂ ತಲೆ ಅಲ್ಲಾಡಿಸುವುದನ್ನು ನೋಡಿ ನಕ್ಕರು. "ಕೋರ್ಟಲ್ಲಿ ಆಡಿದ ಮಾತನ್ನೆಲ್ಲ ದಾಖಲಿಸುವ ಕೋರ್ಟ್ ರಿಪೋರ್ಟರ್ ಅದನ್ನು ಹೇಗೆ ಟೈಪ್ ಮಾಡ್ತಾರೆ? ಜ್ಯೂರಿಗೂ ಅದು ಹೌದೋ ಇಲ್ಲವೋ ತಿಳಿಯಲ್ಲ. ಬಾಯಿಬಿಟ್ಟು ಹೇಳಿ."

ನೋವು ಹತ್ತಕ್ಕೆ ಎಂಟು ಅಂದೆ. ಲೆಕ್ಕ ಬಿಡಿ, ಮನೇಲಿ ಏನು ಕಷ್ಟ ಹೇಳಿ ಅಂದರು. ತುಂಬಿದ ಕುಕ್ಕರ್ ಎತ್ತಲು ಗಂಡನನ್ನು ಕರೀಬೇಕು ಅಂದೆ. "ಇದನ್ನೇ ಜ್ಯೂರಿಯವರ ಮುಖ ನೋಡಿ ಹೇಳಿ" ಅಂದರು. ಆಮೇಲೆ ಜೂನಿಯರ್ ಒಬ್ಬ ಎದುರು ಪಾರ್ಟಿ ಲಾಯರಾಗಿ ನಿಂತು ಚೆನ್ನಾಗಿ ಬೆವರಿಳಿಸಿದ.

ಒಂದು ಸ್ಟಾರ್ ಕಡಿಮೆ ಯಾಕೆ? ನನ್ನ ಡೆಪೊಸಿಷನ್ (ವಿಚಾರಣೆಗೆ ಮುಂಚೆಯೇ ಪ್ರಮಾಣ ಮಾಡಿ ಕೊಟ್ಟ ಹೇಳಿಕೆ) ಪ್ರತಿ ಕಳಿಸಿದ್ದು ಹಿಂದಿನ ರಾತ್ರಿ. ಅದಕ್ಕೂ ಕೋರ್ಟಿನ ಮಾತಿಗೂ ವ್ಯತ್ಯಾಸ ಬಂದರೆ ಎದುರಿನವರು ಬಿಡ್ತಾರಾ? ವಾರ ಮುಂಚೆಯೇ ಕೊಡಬೇಕಿತ್ತು, ಅಲ್ವಾ?